ದನಿ ಒಡೆಯುವ ಪೆಟ್ಟಿಗೆ

ನಮ್ಮೂರು ಅರಸೀಕೆರೆ ಕಡೆ. ನಾನು ಚಿಕ್ಕವನಿದ್ದಾಗ ಸುತ್ತಲಿನ ಏಳೆಂಟು ಹಳ್ಳಿಗಳ ಜಾತ್ರೆಗೆಲ್ಲ ಮೈಕ್‌ಸೆಟ್ ತರುತ್ತಿದ್ದವರು ಒಬ್ಬರೇ. ಕಬ್ಬಿಣದ ಡಬ್ಬಿಯಂಥ ಒಂದು ಆಂಪ್ಲಿಫೈಯರ್, ಎರಡು ಹಾರನ್ನು, ಸುರುಳಿ ಸುತ್ತಿದ ವೈರು. ಕರೆಂಟ್ ಹೋದರೆ (ಹೋಗುವುದು ಗ್ಯಾರಂಟಿ ಅನ್ನಿ) ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ತಂದು ಆಂಪ್ಲಿಫೈಯರಿನ ಬೆನ್ನಿಗೆ ಎರಡು ತಂತಿ ಸಿಕ್ಕಿಸುತ್ತಿದ್ದರು. ಊರು ಪೂರ್ತಿ ಕತ್ತಲಾದರೂ ಹರಿಕಥೆ ನಿಲ್ಲುತ್ತಿರಲಿಲ್ಲ. ದಾಸರು ಉತ್ಸಾಹದಲ್ಲಿ ಮೈಕಿಗೆ ಬಾಯಿ ಹಚ್ಚಿದಾಗ ಹಾರನ್ನು ಕರಕರ ಅನ್ನುತ್ತಿತ್ತು. ಆಗ ಕೂತವರಲ್ಲಿ ಒಬ್ಬರಾದರೂ ಕೂಗುತ್ತಿದ್ದರು: "ದನಿ ಒಡೀತೈತೆ, ತಗ್ಸಣ್ಣೋ!"

ಆ ಮಾತು ನನಗೆ ಮತ್ತೆ ನೆನಪಾದದ್ದು ಇಪ್ಪತ್ತೈದು ವರ್ಷದ ಮೇಲೆ, ಬೆಂಗಳೂರಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ, ರಾತ್ರಿ ಹನ್ನೊಂದು ಗಂಟೆಗೆ. ಎದುರಿಗೆ ಮರದ ಒಂದು ಖಾಲಿ ಊದುಬತ್ತಿ ಪೆಟ್ಟಿಗೆ. ಅದರೊಳಗೆ ಎಸ್‌ಪಿ ರೋಡಿನಿಂದ ತಂದ ಎಂಟು ಕಾಲಿನ ಒಂದು ಐಸಿ, ನಾಲ್ಕು ಕೆಪಾಸಿಟರ್, ಒಂದು ರೆಸಿಸ್ಟರ್, ಅಂಗೈ ಅಗಲದ ಸ್ಪೀಕರ್, 9 ವೋಲ್ಟಿನ ಬ್ಯಾಟರಿ. ಮೂವತ್ತು ದಾಟಿದ ಮೇಲೆ ಗಿಟಾರ್ ಕಲಿಯುವ ಹುಚ್ಚು ಹತ್ತಿತ್ತು. ದೊಡ್ಡ ಆಂಪ್ ಇಟ್ಟುಕೊಂಡರೆ ಕೆಳಗಿನ ಮನೆಯವರು ಬಾಗಿಲು ಬಡಿಯುತ್ತಾರೆ. ಅದಕ್ಕೇ ಈ ಸಾಹಸ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರಿನ ವೈರು ಚುಚ್ಚಿ ತಂತಿ ಮೀಟಿದೆ. ಮೆಲ್ಲಗೆ ಮೀಟಿದರೆ ದನಿ ಶುದ್ಧವಾಗಿತ್ತು. ಸ್ವಲ್ಪ ಜೋರಾಗಿ ಮೀಟಿದೆ ನೋಡಿ, ಕರ್ರ್... ದನಿ ಒಡೆಯಿತು.

ಎಲ್ಲೋ ಸೋಲ್ಡರ್ ಸರಿಯಾಗಿ ಕೂತಿಲ್ಲ ಅಂದುಕೊಂಡೆ. ಎರಡು ಸಲ ಬಿಚ್ಚಿ ಕೂರಿಸಿದರೂ ಅದೇ ಕಥೆ. ಕೊನೆಗೆ ಆ ಐಸಿಯ, ಅಂದರೆ ಎಲ್‌ಎಂ386ರ, ಡೇಟಾಶೀಟ್ ತೆಗೆದೆ. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯವರು 1970ರ ದಶಕದಲ್ಲಿ ತಂದ ಚಿಪ್ ಅದು. 2011ರಲ್ಲಿ ಆ ಕಂಪನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡಿತು, ಚಿಪ್ ಮಾತ್ರ ಇನ್ನೂ ಸಿಗುತ್ತದೆ, ಒಂದು ಕಾಫಿಯ ದುಡ್ಡಿಗೆ. ಇದನ್ನು ಎಲ್ಲೆಲ್ಲಿ ಬಳಸಬಹುದು ಅನ್ನುವ ಪಟ್ಟಿಯೂ ಅದರಲ್ಲಿದೆ: ರೇಡಿಯೋ, ಟೇಪ್ ಪ್ಲೇಯರ್, ಇಂಟರ್‌ಕಾಂ, ಟೀವಿ, ಸಣ್ಣ ಸರ್ವೋ ಮೋಟಾರು ಇತ್ಯಾದಿ. ಗಿಟಾರ್ ಅನ್ನುವ ಪದವೇ ಇಲ್ಲ. ಮೇಲಾಗಿ, ಡಿಸ್ಟಾರ್ಷನ್ ಬರೀ 0.2% ಅಂತ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಅಂದರೆ, ದನಿ ಒಡೆಯಬಾರದು ಅಂತಲೇ ಕಷ್ಟಪಟ್ಟು ಮಾಡಿದ ಚಿಪ್ ಇದು.

ಆ ವಾರಾಂತ್ಯ ಗಿಟಾರ್ ನುಡಿಸುವ ಗೆಳೆಯ ಮನೆಗೆ ಬಂದ. "ಮಗಾ, ಒಡೀತಿದೆ ಇದು, ಸರಿ ಮಾಡ್ಬೇಕು" ಅಂದೆ. ಅವನು ಎರಡು ಸಲ ಮೀಟಿ, ಕಣ್ಣು ದೊಡ್ಡದು ಮಾಡಿ ಹೇಳಿದ: "ಮುಟ್ಬೇಡ! ಇದೇ ಸೌಂಡಿಗೆ ಜನ ಸಾವಿರಾರು ರೂಪಾಯಿ ಕೊಟ್ಟು ಪೆಡಲ್ ತಗೋತಾರೆ."

ನಮ್ಮೂರಲ್ಲಿ ತಪ್ಪಾಗಿದ್ದದ್ದು ಇಲ್ಲಿ ಸರಿಯಾಗಿದ್ದು ಯಾವಾಗ? ಯಾರು ಸರಿ ಮಾಡಿದ್ದು? ಈ ಪ್ರಶ್ನೆಯ ಬೆನ್ನು ಹತ್ತಿ ಹೋಗಿ ನನಗೆ ಸಿಕ್ಕಿದ ಚರಿತ್ರೆ ಇದು.

*

ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದು ಹೊಸ ನಾದಕ್ಕಲ್ಲ, ಬರೀ ಜೋರಾಗಿ ಕೇಳಿಸಲಿ ಅಂತ. 1920-30ರ ಅಮೆರಿಕದ ಡಾನ್ಸ್ ಬ್ಯಾಂಡುಗಳಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ಪಾಪದ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಂ ಎಂಬ ಗಿಟಾರ್ ವಾದಕ ತಂತಿಗಳ ಬಳಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇಟ್ಟು ನೋಡಿದ. ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತದೆ. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಅದನ್ನು 1932ರಲ್ಲಿ ಮಾರುಕಟ್ಟೆಗೆ ತಂದರು. ಬಾಣಲೆಯ ಹಾಗೆ ಕಾಣುತ್ತಿದ್ದರಿಂದ ಅದಕ್ಕೆ 'ಫ್ರೈಯಿಂಗ್ ಪ್ಯಾನ್' ಅಂತಲೇ ಹೆಸರು ಬಿತ್ತು. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

ಆದರೆ ಸುರುಳಿಯಿಂದ ಬರುವುದು ಸುಮಾರು ಒಂದು ವೋಲ್ಟಿನ ಹತ್ತನೇ ಒಂದು ಭಾಗ. ಅದು ಸ್ಪೀಕರನ್ನು ಅಲುಗಿಸಲಾರದು. ನಡುವೆ ಒಂದು ಪೆಟ್ಟಿಗೆ ಬೇಕು, ಅದೇ ಆಂಪ್. ಆ ಕಾಲದ ಆಂಪಿನೊಳಗೆ ಇದ್ದದ್ದು ಗಾಜಿನ ವಾಲ್ವುಗಳು, ಅವುಗಳಿಗೆ ನೂರಾರು ವೋಲ್ಟ್ ಬೇಕು. ಹಾಗಾಗಿ ಆಂಪ್ ಅಂದರೆ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಯಂತ್ರ. ಇಂಜಿನಿಯರುಗಳಿಗೆ ಇದ್ದ ಗುರಿ ಒಂದೇ: ಒಳಗೆ ಹೋದದ್ದು ಹಾಗೇ ದೊಡ್ಡದಾಗಿ ಹೊರಗೆ ಬರಬೇಕು, ಒಡೆಯಬಾರದು.

ಅದನ್ನು ಒಡೆದವರು ಬೇರೆಯವರು. 1951ರ ಮಾರ್ಚ್‌ನಲ್ಲಿ ಐಕ್ ಟರ್ನರ್‌ನ ತಂಡ ಮಿಸಿಸಿಪ್ಪಿಯಿಂದ ಮೆಂಫಿಸ್ ಊರಿಗೆ ಹಾಡು ರೆಕಾರ್ಡ್ ಮಾಡಲು ಕಾರಿನಲ್ಲಿ ಹೊರಟಿತ್ತು. ಎಲ್ಲರೂ ಕಪ್ಪು ಜನಾಂಗದ ಹುಡುಗರು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್‌ನ ಆಂಪ್ ಕೆಟ್ಟಿತು. ಕಾರಿನ ಮೇಲಿಂದ ಬಿತ್ತು ಅಂತ ಒಂದು ಮಾತು, ಡಿಕ್ಕಿಯಲ್ಲಿ ಮಳೆಗೆ ನೆನೆಯಿತು ಅಂತ ಇನ್ನೊಂದು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಹರಿದ ಸ್ಪೀಕರಿಗೆ ಕಾಗದ ತುರುಕಿ, ಆಗಿದ್ದಾಗಲಿ ಅಂತ ರೆಕಾರ್ಡ್ ಮಾಡಿದ. 'ರಾಕೆಟ್ 88' ಎಂಬ ಆ ಹಾಡು ಅಮೆರಿಕದ ಆರ್ ಅಂಡ್ ಬಿ ಪಟ್ಟಿಯ ತುದಿಗೇರಿತು. ಅದರಲ್ಲಿ ಗುರುಗುಟ್ಟುವ ಗಿಟಾರನ್ನು ರಾಕ್ ಸಂಗೀತದ ಮೊದಲ ದನಿಗಳಲ್ಲಿ ಒಂದು ಅಂತ ಈಗ ಎಣಿಸುತ್ತಾರೆ. ರೆಕಾರ್ಡಿನ ಲೇಬಲ್ ಮೇಲೆ ಹಾಡಿದವನ ಹೆಸರಿದೆ: 'ಜಾಕಿ ಬ್ರೆನ್ಸ್‌ಟನ್ ಅಂಡ್ ಹಿಸ್ ಡೆಲ್ಟಾ ಕ್ಯಾಟ್ಸ್'. ಒಡೆದ ಆಂಪಿನವನ ಹೆಸರಿಲ್ಲ.

ಆಮೇಲೆ ಒಬ್ಬರ ಹಿಂದೆ ಒಬ್ಬರು. 1958ರಲ್ಲಿ ಲಿಂಕ್ ರೇ 'ರಂಬಲ್' ಎಂಬ ಹಾಡಿಲ್ಲದ ಗಿಟಾರ್ ತುಣುಕಿಗೆ ಬೇಕೆಂದೇ ಪೆನ್ಸಿಲ್ಲಿನಿಂದ ಸ್ಪೀಕರಿಗೆ ತೂತು ಹೊಡೆದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹದಿಹರೆಯದ ಹುಡುಗ ತನ್ನ ಪುಟ್ಟ ಎಲ್ಪಿಕೋ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಕುಯ್ದು, ಆ ಒಡೆದ ದನಿಯನ್ನು ದೊಡ್ಡ ವಾಕ್ಸ್ ಆಂಪಿನಲ್ಲಿ ಹಾಯಿಸಿ 'ಯೂ ರಿಯಲಿ ಗಾಟ್ ಮಿ' ನುಡಿಸಿದ. ಅದು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಅಷ್ಟು ಹೊತ್ತಿಗೆ ಕಂಪನಿಗಳಿಗೂ ವಾಸನೆ ಬಡಿದಿತ್ತು. ಒಡೆದ ದನಿಯನ್ನೇ ಬ್ಯಾಟರಿ ಹಾಕಿದ ಡಬ್ಬಿಯಲ್ಲಿ ತುಂಬಿ 1962ರಲ್ಲಿ 'ಮಾಸ್ಟ್ರೋ ಫಜ್-ಟೋನ್' ಅಂತ ಮಾರಿದರು. ಮೊದಮೊದಲು ಕೇಳುವವರಿರಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಅದನ್ನು ಬಳಸಿದ್ದೇ ತಡ, ಖಾಲಿ.

*

ದನಿ ಒಡೆಯುವುದು ಅಂದರೇನು ಅಂತ ನನ್ನ ಊದುಬತ್ತಿ ಪೆಟ್ಟಿಗೆಯನ್ನೇ ಇಟ್ಟುಕೊಂಡು ಹೇಳಿಬಿಡುತ್ತೇನೆ. 9 ವೋಲ್ಟಿನ ಬ್ಯಾಟರಿ ಹಾಕಿದಾಗ ಐಸಿಯ ಔಟ್‌ಪುಟ್ ಅದರ ಅರ್ಧಕ್ಕೆ, ನಾಲ್ಕೂವರೆ ವೋಲ್ಟಿಗೆ ಬಂದು ನಿಂತಿರುತ್ತದೆ. ಮೇಲಕ್ಕೆ ನಾಲ್ಕೂವರೆ, ಕೆಳಕ್ಕೆ ನಾಲ್ಕೂವರೆ, ಅಷ್ಟೇ ಜಾಗ. ನಿಜದಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಚಿಪ್ಪಿನ ಹುಟ್ಟುಗುಣ ಬಂದದ್ದನ್ನು 20 ಪಟ್ಟು ಮಾಡುವುದು. ಒಂದನೇ ಮತ್ತು ಎಂಟನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು. ಗಿಟಾರಿನ 0.1 ವೋಲ್ಟನ್ನು 20 ಪಟ್ಟು ಮಾಡಿದರೆ 2 ವೋಲ್ಟ್, ಆರಾಮಾಗಿ ಹಿಡಿಯುತ್ತದೆ. 200 ಪಟ್ಟು ಮಾಡಿದರೆ 20 ವೋಲ್ಟ್ ಆಗಬೇಕು. ಎಲ್ಲಿಂದ ತರೋಣ? ಹಳ್ಳಿ ಮನೆಯ ತಗ್ಗು ಬಾಗಿಲಿಗೆ ಎತ್ತರದ ನೆಂಟ ತಲೆ ತಾಗಿಸಿಕೊಂಡ ಹಾಗೆ ಅಲೆಯ ತುದಿ ತಾಗಿ ಚಪ್ಪಟೆಯಾಗುತ್ತದೆ.

ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆ ಅದರ ಮೂರು ಪಟ್ಟು, ಐದು ಪಟ್ಟು ವೇಗದ ಹೊಸ ಸ್ವರಗಳೂ ಸೇರಿಕೊಳ್ಳುತ್ತವೆ. ಅದೇ ಆ ಒರಟು, ಆ ಖಾರ. ಇನ್ನೊಂದು ಲಾಭವೂ ಇದೆ. ಮೀಟಿದ ತಂತಿಯ ಕಂಪನ ಕುಗ್ಗುತ್ತ ಬಂದರೂ ಚಪ್ಪಟೆಯಾದ ಅಲೆಯ ಎತ್ತರ ಬಹಳ ಹೊತ್ತು ಅಷ್ಟೇ ಇರುತ್ತದೆ. ಟಣ್ ಅಂದು ಸಾಯುತ್ತಿದ್ದ ಗಿಟಾರಿನ ಸ್ವರ ಪಿಟೀಲಿನ ಹಾಗೆ ಎಳೆದುಕೊಂಡು ಹೋಗುತ್ತದೆ.

ಬಿಇ ಓದುವಾಗ ಲ್ಯಾಬಿನಲ್ಲಿ ಎಸ್‌ಎಲ್100 ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್ ಕಟ್ಟಿ, ಆಸಿಲೋಸ್ಕೋಪಿನಲ್ಲಿ ಈ ತಲೆ ಚಪ್ಪಟೆಯಾದ ಅಲೆಯನ್ನು ನೋಡಿದ್ದೆ. ಅದು ಕಂಡ ತಕ್ಷಣ ಇನ್‌ಪುಟ್ ತಗ್ಗಿಸಿ ಅಂತ ರೆಕಾರ್ಡ್ ಬುಕ್ಕಿನಲ್ಲಿ ಬರೆದೂ ಇದ್ದೆ. ಒಂದು ಸ್ಪೀಕರ್ ಜೋಡಿಸಿ ಅದರ ದನಿ ಹೇಗಿರುತ್ತದೆ ಅಂತ ಕೇಳಿರಲಿಲ್ಲ. ಕೇಳಿಸೋಣ ಅಂತ ಯಾರಿಗೂ ಅನಿಸಿರಲೂ ಇಲ್ಲ.

ಮೇಲೆ ಹೇಳಿದ ಕಥೆಗಳಲ್ಲೆಲ್ಲ ಬರುವುದು ಬಿದ್ದದ್ದು, ತೂತಾದದ್ದು, ಅಗ್ಗದ್ದು, ಪುಟ್ಟದ್ದು. ಶಕ್ತಿ ಸಾಲದ ಪೆಟ್ಟಿಗೆಯೇ ಬೇಗ ಒಡೆಯುವುದು. ರಾಕ್ ಚರಿತ್ರೆ ಅಂದರೆ ನಮಗೆ ನೆನಪಾಗುವುದು ವೇದಿಕೆಯ ಮೇಲೆ ಗೋಡೆಯ ಹಾಗೆ ಪೇರಿಸಿದ ಮಾರ್ಷಲ್ ಆಂಪುಗಳು. 1965ರಲ್ಲಿ 'ದಿ ಹೂ' ತಂಡಕ್ಕಾಗಿ ಅವರು 100 ವ್ಯಾಟಿನದನ್ನು ಮಾಡಿಕೊಟ್ಟರು. ನನ್ನ ಪೆಟ್ಟಿಗೆಯದು ಹೆಚ್ಚೆಂದರೆ ಅರ್ಧ ವ್ಯಾಟ್. 200 ಪಟ್ಟು ವ್ಯತ್ಯಾಸ. ಆದರೆ ಕಿವಿಯ ಲೆಕ್ಕ ಬೇರೆ. ಶಕ್ತಿ ಹತ್ತು ಪಟ್ಟಾದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ಆ ಲೆಕ್ಕದಲ್ಲಿ ಎರಡನ್ನೂ ಒಂದೇ ಸ್ಪೀಕರಿಗೆ ಜೋಡಿಸಿದರೆ ಮಾರ್ಷಲ್ ನನ್ನದಕ್ಕಿಂತ ಹೆಚ್ಚುಕಮ್ಮಿ ಐದು ಪಟ್ಟು ಜೋರು, ಅಷ್ಟೇ.

*

ಇನ್ನು ಪ್ಲಗ್ಗಿನ ವಿಷಯ. ದನಿ ಯಾರದು ಅನ್ನುವಷ್ಟೇ ಮುಖ್ಯ, ಕರೆಂಟ್ ಯಾರದು ಅನ್ನುವುದು. ಷಿಕಾಗೋದ ಮ್ಯಾಕ್ಸ್‌ವೆಲ್ ಸ್ಟ್ರೀಟಿನಲ್ಲಿ ಭಾನುವಾರದ ಸಂತೆ ನಡೆಯುತ್ತಿತ್ತು. ದಕ್ಷಿಣದ ಹತ್ತಿ ಹೊಲಗಳಿಂದ ಕೆಲಸ ಹುಡುಕಿ ಬಂದ ಕಪ್ಪು ಜನರು ಅಲ್ಲಿ ಬೀದಿಯಲ್ಲೇ ಬ್ಲೂಸ್ ನುಡಿಸುತ್ತಿದ್ದರು. ಸಂತೆಯ ಗದ್ದಲದಲ್ಲಿ ಕೇಳಿಸಬೇಕಾದರೆ ಆಂಪ್ ಬೇಕು, ಆಂಪಿಗೆ ಕರೆಂಟ್ ಬೇಕು. ಪಕ್ಕದ ಮನೆಯವರಿಗೋ ಅಂಗಡಿಯವರಿಗೋ ದುಡ್ಡು ಕೊಟ್ಟು, ಅವರ ಕಿಟಕಿಯಿಂದ ಬೀದಿಗೆ ವೈರು ಎಳೆದುಕೊಳ್ಳುತ್ತಿದ್ದರು. ಪ್ಲಗ್ಗಿನ ಯಜಮಾನ ಹೂಂ ಅಂದರೆ ಮಾತ್ರ ಹಾಡು. ವಿಶ್ವವಿದ್ಯಾಲಯದ ವಿಸ್ತರಣೆಗೆಂದು 1994ರಲ್ಲಿ ಆ ಸಂತೆಯನ್ನೇ ಅಲ್ಲಿಂದ ಎಬ್ಬಿಸಿದರು.

ಆ ವೈರನ್ನು ಕತ್ತರಿಸುವ ದಾರಿ ತೋರಿಸಿದ್ದು ಟ್ರಾನ್ಸಿಸ್ಟರ್. 1947ರ ಡಿಸೆಂಬರ್ 23ರಂದು ಬೆಲ್ ಲ್ಯಾಬ್ಸ್‌ನಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ತಮ್ಮ ಹಿರಿಯರಿಗೆ ಅದನ್ನು ತೋರಿಸಿದಾಗ ಮಾಡಿದ ಕೆಲಸವೂ ಇದೇ: ಮಾತನಾಡಿದ ದನಿಯನ್ನು ದೊಡ್ಡದು ಮಾಡಿ ಕೇಳಿಸಿದರು. ನೂರಾರು ವೋಲ್ಟಿನ ಗೋಜಿಲ್ಲ, ಬ್ಯಾಟರಿ ಸಾಕು. 1954ರಲ್ಲಿ ಜೇಬಿನ ರೇಡಿಯೋ ಬಂತು. ನಾವು ಪೆಡಲ್ಲಿಗೂ ಮಲ್ಟಿಮೀಟರಿಗೂ ಹಾಕುವ ಚೌಕದ 9 ವೋಲ್ಟಿನ ಬ್ಯಾಟರಿ ಹುಟ್ಟಿದ್ದೇ ಆ ದಶಕದಲ್ಲಿ, ಇಂಥ ರೇಡಿಯೋಗಳಿಗಾಗಿ. ನಮ್ಮ ಬೆಂಗಳೂರೂ ಹಿಂದೆ ಬೀಳಲಿಲ್ಲ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷವೇ ಜರ್ಮೇನಿಯಂ ಸೆಮಿಕಂಡಕ್ಟರುಗಳನ್ನೂ ಮಾಡಲು ಶುರುಮಾಡಿತು.

ಬ್ಯಾಟರಿ ಡಬ್ಬಿಯ ದನಿ ದೊಡ್ಡ ಸ್ಟುಡಿಯೋ ಹೊಕ್ಕ ಕಥೆ ಮಜವಾಗಿದೆ. 1968ರಲ್ಲಿ ಕೀತ್ ರಿಚರ್ಡ್ಸ್ ಒಂದು ಪುಟ್ಟ ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರಿನ ಮುಂದೆ ಕೂತು ಸಾದಾ ಮರದ ಗಿಟಾರನ್ನು ಜೋರಾಗಿ ಬಾರಿಸಿದ. ಪಾಪ, ಆ ಡಬ್ಬಿ ತಡೆಯಲಾರದೆ ದನಿ ಒಡೆಯಿತು. ಅದನ್ನೇ ಸ್ಟುಡಿಯೋದಲ್ಲಿ ಸ್ಪೀಕರಿಗೆ ಹಾಕಿ ಮತ್ತೆ ರೆಕಾರ್ಡ್ ಮಾಡಿಕೊಂಡರು. 'ಸ್ಟ್ರೀಟ್ ಫೈಟಿಂಗ್ ಮ್ಯಾನ್' ಹಾಡಿನಲ್ಲಿ ಎಲೆಕ್ಟ್ರಿಕ್ ಅಂತ ನಾವು ಅಂದುಕೊಳ್ಳುವ ಆ ಗಿಟಾರ್ ಅದೇ.

1970ರ ದಶಕದ ಆರಂಭದಲ್ಲಿ ರಿಚರ್ಡ್ ಎಡ್ಲಂಡ್ ಮತ್ತು ವೇಯ್ನ್ ಕಿಂಬೆಲ್ ಎಂಬಿಬ್ಬರು ಸೇರಿ 'ಪಿಗ್‌ನೋಸ್' ಮಾಡಿದರು. ಆರು ಪೆನ್‌ಸೆಲ್, ಐದು ಇಂಚಿನ ಸ್ಪೀಕರ್, ಹಂದಿಯ ಮೂತಿಯಂಥ ಒಂದೇ ಒಂದು ತಿರುಪು. ಪೆಟ್ಟಿಗೆಯ ಬಾಗಿಲು ಎಷ್ಟು ತೆರೆಯುತ್ತೀರೋ ಅದಕ್ಕೆ ತಕ್ಕಂತೆ ನಾದ ಬದಲು. ಹೆಗಲಿಗೆ ನೇತುಹಾಕಿಕೊಂಡು ಎಲ್ಲಿ ಬೇಕಾದರೂ ಹೋಗಬಹುದು, ಯಾರ ಕಿಟಕಿಯನ್ನೂ ಬೇಡಬೇಕಿಲ್ಲ. ಇದೇ ಎಡ್ಲಂಡ್ ಮುಂದೆ 'ಸ್ಟಾರ್ ವಾರ್ಸ್' ಚಿತ್ರದ ದೃಶ್ಯ ಚಮತ್ಕಾರಕ್ಕೆ ಆಸ್ಕರ್ ಪಡೆದವರಲ್ಲಿ ಒಬ್ಬ.

*

ಎಲ್‌ಎಂ386 ಬಂದ ಮೇಲಂತೂ ಆಂಪ್ ಮಾಡುವುದು ಕಾರ್ಖಾನೆಯ ಕೆಲಸವಾಗಿ ಉಳಿಯಲಿಲ್ಲ. ಅಮೆರಿಕದ ಬ್ರೂಸ್ ಜಿಂಕಿ ಈ ಚಿಪ್ಪನ್ನು ಸಿಗರೇಟ್ ಪ್ಯಾಕಿನೊಳಗೆ ಕೂರಿಸಿ 'ಸ್ಮೋಕಿ' ಅಂತ ಮಾರಿದ. ತಿರುಪೇ ಇಲ್ಲ, ವೈರು ಚುಚ್ಚಿ ನುಡಿಸಿ ಅಷ್ಟೇ. ಅದನ್ನು ನೋಡಿ ಹವ್ಯಾಸಿಗಳು ವಾಲ್ಯೂಮ್, ಗೇನ್ ತಿರುಪುಗಳನ್ನು ಸೇರಿಸಿ 'ಲಿಟಲ್ ಜೆಮ್' ಮಾಡಿದರು. ಅದರ ಮುಂದೆ ಒಂದು ಟ್ರಾನ್ಸಿಸ್ಟರ್ ಕೂರಿಸಿದಾಗ 'ರೂಬಿ' ಆಯಿತು. ನಕ್ಷೆ ಎಲ್ಲರಿಗೂ ಬಿಟ್ಟಿ. ನಮ್ಮ ಓಪನ್ ಸೋರ್ಸ್ ಇದ್ದ ಹಾಗೆ, ಕೀಬೋರ್ಡಿನ ಬದಲು ಸೋಲ್ಡರಿಂಗ್ ಐರನ್.

ನಾನೂ ಅದೇ ದಾರಿ ಹಿಡಿದೆ. ಮೊದಲು ಆ 10 ಮೈಕ್ರೋಫ್ಯಾರಡ್ ಜೊತೆ ಒಂದು ತಿರುಪು ಸೇರಿಸಿದೆ. ಈಗ ದನಿ ಎಷ್ಟು ಒಡೆಯಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ಆದರೂ ನಾದ ಕಂಬಳಿ ಹೊದ್ದ ಹಾಗೆ ಮಂಕು. ಕಾರಣ ಡೇಟಾಶೀಟಿನಲ್ಲೇ ಇತ್ತು: ಚಿಪ್ಪಿನ ಇನ್‌ಪುಟ್ ರೆಸಿಸ್ಟೆನ್ಸ್ 50 ಕಿಲೋ ಓಮ್. ಗಿಟಾರಿನ ಸುರುಳಿಗೆ ಅದು ಭಾರ, ಮೇಲಿನ ಸ್ವರಗಳೆಲ್ಲ ಅಲ್ಲೇ ಸೋರಿಹೋಗುತ್ತವೆ. ರೂಬಿಯಲ್ಲಿದ್ದ ಹಾಗೆ ಒಂದು ಫೆಟ್ ಟ್ರಾನ್ಸಿಸ್ಟರನ್ನು ಮುಂದೆ ಕೂರಿಸಿದೆ. ಅದರದು ಮೆಗಾ ಓಮ್‌ಗಳ ಲೆಕ್ಕ, ಗಿಟಾರಿನಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಕಂಬಳಿ ಸರಿಯಿತು.

ಆಮೇಲೆ ಒಂದು ರಾತ್ರಿ ಗಿಟಾರ್ ಮುಟ್ಟದೇ ಇದ್ದರೂ ಪೆಟ್ಟಿಗೆಯೊಳಗಿಂದ ಸಣ್ಣಗೆ ಯಾರೋ ವಾರ್ತೆ ಓದಲು ಶುರುಮಾಡಿದರು. ಒಂದು ಕ್ಷಣ ಎದೆ ಝಲ್ ಅಂತು. ಒಳಗಿನ ಉದ್ದನೆಯ ವೈರು ಏರಿಯಲ್ ಆಗಿ ರೇಡಿಯೋ ಹಿಡಿದುಬಿಟ್ಟಿತ್ತು. ವೈರು ಗಿಡ್ಡ ಮಾಡಿ, ಇನ್‌ಪುಟ್ಟಿಗೆ ಒಂದು ಪುಟಾಣಿ ಕೆಪಾಸಿಟರ್ ಹಾಕಿದ ಮೇಲೆ ಸುಮ್ಮನಾಯಿತು. ರೇಡಿಯೋಗೆಂದು ಹುಟ್ಟಿದ ಚಿಪ್ ತಾನೇ, ತವರು ನೆನಪಾಗಿರಬೇಕು.

*

ಹೋದ ವರ್ಷ ಜಾತ್ರೆಗೆ ಊರಿಗೆ ಹೋಗುವಾಗ ಗಿಟಾರನ್ನೂ ಪೆಟ್ಟಿಗೆಯನ್ನೂ ಒಯ್ದಿದ್ದೆ. ಮೈಕ್‌ಸೆಟ್ಟಿನ ಅಣ್ಣ ಈಗ ಜಾತ್ರೆಗೆ ಬರುವುದಿಲ್ಲ, ಡಿಜೆಯವರು ಬರುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರ ಅವರ ರಿಪೇರಿ ಅಂಗಡಿ ಮಾತ್ರ ಇನ್ನೂ ಇದೆ, ಮಿಕ್ಸಿ ಫ್ಯಾನುಗಳ ನಡುವೆ. ಮಧ್ಯಾಹ್ನ ಕರೆಂಟ್ ಇಲ್ಲದ ಹೊತ್ತಿನಲ್ಲಿ ಹೋಗಿ ನುಡಿಸಿ ತೋರಿಸಿದೆ.

"ದನಿ ಒಡೀತೈತಲ್ಲೋ" ಅಂದರು.

"ಅದಕ್ಕೇ ಮಾಡಿರೋದು ಅಣ್ಣ."

ನನ್ನ ಮುಖ ನೋಡಿದರು. ಬೆಂಗಳೂರಿಗೆ ಹೋಗಿ ಹುಡುಗ ಕೆಟ್ಟ ಅಂದುಕೊಂಡರೋ ಏನೋ. ನಾನು ವಿಲ್ಲಿ ಕಿಜಾರ್ಟ್‌ನ ಕಥೆ ಹೇಳಿದೆ, ಬಿದ್ದ ಆಂಪು, ಕಾಗದ ತುರುಕಿದ್ದು ಎಲ್ಲ. ಅಮೆರಿಕ ಅನ್ನುವುದರ ಬಗ್ಗೆ ಅವರಿಗೆ ಕುತೂಹಲ ಇರಲಿಲ್ಲ. ಕಾಗದ ತುರುಕಿದ್ದಕ್ಕೆ ಮಾತ್ರ ತಲೆಯಾಡಿಸಿದರು. "ನಾವೂ ತುರುಕ್ತಿದ್ವಿ, ಮಳೇಲಿ ನೆಂದ್ರೆ. ಆ ಪೂಜೆ ಮುಗಿಯೋಗಂಟ ತಡೀಬೇಕಲ್ಲ."

ಕೇಳದೆಯೇ ಪೆಟ್ಟಿಗೆಯ ಮುಚ್ಚಳ ತೆಗೆದರು. "ಇದ್ಯಾವ್ದು, 810 ಐಸೀನಾ?" ಹಳೇ ಟೇಪ್‌ರೆಕಾರ್ಡರುಗಳಲ್ಲಿ ಇರುತ್ತಿದ್ದ ಐಸಿ ಅದು. ಅಲ್ಲ, 386 ಅಂದೆ. ಸೋಲ್ಡರನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ಒಂದು ಕಡೆ ಉಗುರಿನಿಂದ ಒತ್ತಿ, "ಇದು ನಿಲ್ಲಲ್ಲ" ಅಂದರು. ಆಮೇಲೆ ಅಟ್ಟದಿಂದ ಹಳೇ ವಾಲ್ವ್ ರೇಡಿಯೋದ ಮರದ ಕ್ಯಾಬಿನೆಟ್ ಇಳಿಸಿದರು. ಒಳಗೆ ಎಂಟಿಂಚಿನ ಸ್ಪೀಕರ್ ಇತ್ತು. ನನ್ನ ಅಂಗೈ ಅಗಲದ ಸ್ಪೀಕರಿನ ಎರಡು ತಂತಿ ಬಿಚ್ಚಿ ಅದಕ್ಕೆ ಸುತ್ತಿದರು.

"ಈಗ ಬಾರ್ಸು."

ಅದೇ ಅರ್ಧ ವ್ಯಾಟು, ಅದೇ 9 ವೋಲ್ಟು. ದೊಡ್ಡ ಸ್ಪೀಕರ್ ಅಷ್ಟೇ ಶಕ್ತಿಯಿಂದ ಹೆಚ್ಚು ಗಾಳಿಯನ್ನು ತಳ್ಳುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ಅಂಗಡಿಯ ಶೆಲ್ಫಿನ ಮೇಲಿದ್ದ ಸ್ಕ್ರೂ ಡಬ್ಬಿಗಳು ಟಿಣಿಟಿಣಿ ಅಂದವು. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ತಿರುಗಿ ನೋಡಿದರು. ನಾಲ್ಕು ತಿಂಗಳು ರಾತ್ರಿಯೆಲ್ಲ ಕೂತು ನಾನು ಮಾಡಿದ್ದ ಮಾರ್ಪಾಡುಗಳಿಗಿಂತ ಅವರು ಎರಡು ನಿಮಿಷದಲ್ಲಿ ಮಾಡಿದ್ದೇ ದೊಡ್ಡದಾಗಿತ್ತು.

ಅಣ್ಣ ಕಿವಿಯನ್ನು ಸ್ಪೀಕರಿನ ಹತ್ತಿರ ಒಯ್ದರು. ಗೇನ್ ತಿರುಪನ್ನು ತಾವೇ ಹಿಡಿದು ಒಂದಿಷ್ಟು ಹಿಂದಕ್ಕೆ, ಮತ್ತೆ ಒಂದಿಷ್ಟು ಮುಂದಕ್ಕೆ ತಿರುಗಿಸಿದರು. ನಲವತ್ತು ವರ್ಷ ದನಿ ಒಡೆಯದ ಹಾಗೆ ಕಾಯ್ದ ಕೈ ಅದು. ಒಡೆಯುವ ಗೆರೆ ಎಲ್ಲಿದೆ ಅಂತ ಅದಕ್ಕಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ? ಸರಿಯಾಗಿ ಆ ಗೆರೆಯ ಮೇಲೆ ತಂದು ನಿಲ್ಲಿಸಿ, "ಇಲ್ಲಿರ್ಲಿ" ಅಂದರು.

ತಿರುಪಿನ ಪಕ್ಕ ಆ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗೀಟು ಹಾಕಿಕೊಂಡು ಬಂದಿದ್ದೇನೆ. ಇವತ್ತಿಗೂ ಅಲ್ಲೇ ಇಟ್ಟು ನುಡಿಸುವುದು.